ಹೋಳಿಗೆ ಎಷ್ಟು, ನೀರು ಎಷ್ಟು: ಪ್ರಾಣಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಹುಣ್ಣಿಮೆಗೆ ಎತ್ತು ಸಿಂಗರಿಸುತ್ತೇವೆ, ನಾಗರಪಂಚಮಿಗೆ ತನಿ ಎರೆಯುತ್ತೇವೆ, ದೀಪಾವಳಿಗೆ ಗೋಪೂಜೆ ಮಾಡುತ್ತೇವೆ. ಕೆಳಗಿನ ಪ್ರಶ್ನೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಕ್ಕರೆಯಿಂದ ಮಾಡಿದ ಕೆಲಸವೇ ಪ್ರಾಣಿಗೆ ಮುಳುವಾದಾಗ. ಹಾಗಾಗಿ ಉತ್ತರಗಳಲ್ಲಿ ಅಳತೆ, ಹೊತ್ತು, ಕಾರಣಗಳಿಗೇ ಹೆಚ್ಚು ಜಾಗ ಕೊಟ್ಟಿದೆ.

ಹಬ್ಬದ ದಿನ ದನಕ್ಕೆ ಹೋಳಿಗೆ, ಅನ್ನ, ಪಾಯಸ ತಿನ್ನಿಸಬಹುದೇ? ಎಷ್ಟು?

ತಿನ್ನಿಸಬಹುದು, ಆದರೆ ಶಾಸ್ತ್ರಕ್ಕೆ ಎಷ್ಟು ಬೇಕೋ ಅಷ್ಟೇ. ಒಂದು ಹೋಳಿಗೆ, ನಿಂಬೆ ಗಾತ್ರದ ಬೆಲ್ಲ, ಒಂದು ಹಿಡಿ ಅನ್ನ, ಒಂದೆರಡು ಬಾಳೆಹಣ್ಣು: ದೊಡ್ಡ ದನಕ್ಕೆ ದಿನವಿಡೀ ಸೇರಿ ಇದು ಸಾಕು.

ಕಾರಣ ಹೊಟ್ಟೆಯಲ್ಲಿದೆ. ದನ ತಿಂದದ್ದು ಮೊದಲು ಇಳಿಯುವುದು ಮೆಲುಕು ಹಾಕುವ ದೊಡ್ಡ ಹೊಟ್ಟೆಗೆ. ಅಲ್ಲಿ ಹುಲ್ಲಿನ ನಾರನ್ನು ಕರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾಲ್ಕೈದು ಕಿಲೋ ಅನ್ನ, ಹಿಟ್ಟು, ಬೆಲ್ಲ ಒಮ್ಮೆಲೇ ಬಿದ್ದರೆ ಪಿಷ್ಟ ಮತ್ತು ಸಕ್ಕರೆ ತಿನ್ನುವ ಬೇರೆ ಜೀವಿಗಳು ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ತುಂಬುತ್ತವೆ. ನಾರು ಕರಗಿಸುವವು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ರಕ್ತವೂ ಆಮ್ಲವಾಗುತ್ತದೆ. ತಿಂದ ಅರ್ಧ ದಿನದಿಂದ ಒಂದು ದಿನದೊಳಗೆ ಮೆಲುಕು ನಿಲ್ಲುತ್ತದೆ, ಎಡ ಹೊಟ್ಟೆ ತುಂಬಿ ನಿಲ್ಲುತ್ತದೆ, ಹುಳಿ ವಾಸನೆಯ ನೀರು ಸಗಣಿ ಬೀಳುತ್ತದೆ, ನಡಿಗೆ ತೂರಾಡುತ್ತದೆ. ಮಲಗಿದ ದನ ಮತ್ತೆ ಏಳದೇ ಇರಬಹುದು. ಬದುಕಿ ಉಳಿದವುಗಳಲ್ಲೂ ಕೆಲವಕ್ಕೆ ತಿಂಗಳುಗಟ್ಟಲೆ ಗೊರಸು ನೋಯುತ್ತದೆ.

ಮನೆಯವರು ಕೊಡುವುದು ಸಾಮಾನ್ಯವಾಗಿ ಮಿತಿಯಲ್ಲೇ ಇರುತ್ತದೆ. ಎಡವಟ್ಟಾಗುವುದು ಓಣಿಯ ಹದಿನೈದು ಮನೆಯವರೂ ಅದೇ ಎತ್ತಿಗೆ ಒಂದೊಂದು ತಟ್ಟೆ ಹಿಡಿದಾಗ. ಪಟ್ಟಣಗಳಲ್ಲಿ ಗೃಹಪ್ರವೇಶಕ್ಕೆ, ಗೋಪೂಜೆಗೆ ಬಾಡಿಗೆಗೆ ಬರುವ ಹಸುವಿನ ಪಾಡೂ ಇದೇ: ಬೆಳಗಿನಿಂದ ನಾಲ್ಕು ಮನೆ, ನಾಲ್ಕು ಕಡೆಯೂ ಅಕ್ಕಿ ಬೆಲ್ಲ. ಹೀಗಾಗಿ ದನದ ಯಜಮಾನರೇ ಲೆಕ್ಕ ಇಟ್ಟು, ಉಳಿದವರಿಗೆ "ಹಸಿ ಹುಲ್ಲು ತನ್ನಿ" ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೂಜೆಗೆ ಮುಂಚೆ ಹೊಟ್ಟೆ ತುಂಬ ಒಣಹುಲ್ಲು ಹಾಕಿದ್ದರೆ ದನ ಸಿಹಿಯ ಮೇಲೆ ಬೀಳುವುದೂ ಕಡಿಮೆ.

ಆಗಲೇ ಹೆಚ್ಚು ತಿಂದುಬಿಟ್ಟಿದೆ. ಈಗ?

ಹಿಂಡಿ, ಬೂಸಾ, ಧಾನ್ಯ ಎಲ್ಲ ನಿಲ್ಲಿಸಿ ಒಣಹುಲ್ಲು ಮಾತ್ರ ಮುಂದಿಡಿ. ಲಕ್ಷಣ ಕಾಣುವ ತನಕ ಕಾಯದೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ, ಏನು ತಿಂದಿದೆ, ಎಷ್ಟು, ಎಷ್ಟು ಹೊತ್ತಾಯಿತು ಎಂಬ ಮೂರನ್ನು ಹೇಳಿ. ಅಡುಗೆ ಸೋಡಾ ಕುಡಿಸುವ ರೂಢಿ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಪ್ರಮಾಣವನ್ನು ವೈದ್ಯರು ದನದ ತೂಕ ನೋಡಿ ಹೇಳಬೇಕು. ತಲೆ ಮೇಲೆತ್ತಿ ಬಿದಿರಿನ ಗೊಟ್ಟದಲ್ಲಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆಯಿಂದ ಉಳಿದ ದನ ನ್ಯುಮೋನಿಯಾದಿಂದ ಸಾಯುವುದು ಹೀಗೆ.

ಕೊಂಬು ಹೆರೆದು ಬಣ್ಣ ಬಳಿಯುವುದರಲ್ಲಿ ತಪ್ಪೇನಿದೆ?

ಹೆರೆಯುವುದರಲ್ಲಿ ತಪ್ಪಿದೆ. ಕೊಂಬಿನ ಒಳಗೆ ಮೂಳೆ, ರಕ್ತನಾಳ, ನರ ಎಲ್ಲ ಇವೆ. ಹೊರಗಿನ ಗಟ್ಟಿ ಪದರ ಅವಕ್ಕೆ ಕವಚ. ವರ್ಷವರ್ಷವೂ ಕತ್ತಿಯಿಂದ ಹೆರೆದರೆ ಕವಚ ತೆಳುವಾಗಿ ಸೀಳು ಬಿಡುತ್ತದೆ. ನಮ್ಮ ದೇಶಿ ತಳಿಗಳ ಎತ್ತುಗಳಲ್ಲಿ ಕಾಣುವ ಕೊಂಬಿನ ಕ್ಯಾನ್ಸರಿಗೆ ಪಶುವೈದ್ಯರು ಮುಂದಿಡುವ ಕಾರಣಗಳಲ್ಲಿ ಹೆರೆಯುವುದೂ ಬಣ್ಣ ಬಳಿಯುವುದೂ ಸೇರಿವೆ. ಎತ್ತು ಪದೇ ಪದೇ ತಲೆ ಕೊಡವುವುದು, ಒಂದು ಕೊಂಬು ವಾಲುವುದು, ಒಂದೇ ಮೂಗಿನ ಹೊಳ್ಳೆಯಿಂದ ರಕ್ತ ಒಸರುವುದು ಕಂಡರೆ ತಡ ಮಾಡಬೇಡಿ.

ಗೇಟಿಗೆ ಹೊಡೆಯುವ ಎನಾಮಲ್ ಪೇಂಟು ಬೇಡ. ಅದರ ಥಿನ್ನರು ಕಣ್ಣಿಗೆ ಉರಿ, ಎತ್ತು ನೆಕ್ಕಿದರೆ ಹೊಟ್ಟೆಗೆ ವಿಷ. ಕೊಂಬು ತೊಳೆದು ಒಣಗಿಸಿ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ತಿಕ್ಕಿ, ಮೇಲೆ ಕೆಮ್ಮಣ್ಣು ಅಥವಾ ಅರಿಸಿನ ಬಳಿಯಿರಿ. ಫೋಟೋಗೆ ಚೆನ್ನಾಗಿಯೇ ಕಾಣುತ್ತದೆ, ಮೊದಲ ಮಳೆಗೆ ಹೋಗುತ್ತದೆ. ಕೊಂಬಣಸು, ಗೆಜ್ಜೆ, ರಿಬ್ಬನ್ನು, ಬಲೂನು ಎಲ್ಲವನ್ನೂ ಅಂದೇ ರಾತ್ರಿ ಬಿಚ್ಚಿ. ಬಿದ್ದ ಬಲೂನು, ಪ್ಲಾಸ್ಟಿಕ್ ಹೂವು ಮರುದಿನ ಗೋದಲಿಯಲ್ಲಿ ಮೇವಿನ ಜೊತೆ ಹೊಟ್ಟೆ ಸೇರುತ್ತವೆ.

ಸಂಕ್ರಾಂತಿಗೆ ಕಿಚ್ಚು ಹಾಯಿಸಿದರೆ ಉಣ್ಣೆ ಸಾಯುತ್ತದೆ ಅನ್ನುತ್ತಾರಲ್ಲ?

ಸಾಯುವುದಿಲ್ಲ. ಉಣ್ಣೆ ತನ್ನ ಬದುಕಿನ ಹೆಚ್ಚು ಕಾಲ ಇರುವುದು ದನದ ಮೈಮೇಲಲ್ಲ, ಕೊಟ್ಟಿಗೆ ಗೋಡೆಯ ಬಿರುಕು, ನೆಲದ ಸಂದು, ಹುಲ್ಲುಗಾವಲುಗಳಲ್ಲಿ. ಮೊಟ್ಟೆ ಇಡುವುದೂ ಅಲ್ಲೇ. ಒಂದು ಕ್ಷಣ ಬೆಂಕಿ ದಾಟಿದ ದನದ ಕೂದಲು ಸುಡಬಹುದು, ಕೆಚ್ಚಲು ಬೇಯಬಹುದು, ಬೆದರಿ ಜನರ ಮೇಲೆ ನುಗ್ಗಬಹುದು. ಕಿವಿಯ ಒಳಗೆ ಕಚ್ಚಿಕೊಂಡ ಉಣ್ಣೆಗೆ ಏನೂ ಆಗುವುದಿಲ್ಲ. ಉಣ್ಣೆ ಹೋಗಬೇಕಾದರೆ ಕೊಟ್ಟಿಗೆಯ ಬಿರುಕುಗಳನ್ನು ಮೆತ್ತಿ, ಸುಣ್ಣ ಬಳಿದು, ದನಕ್ಕೆ ವೈದ್ಯರು ಹೇಳಿದ ಔಷಧಿಯನ್ನು ಹೇಳಿದ ಅಂತರದಲ್ಲಿ ಮತ್ತೆ ಹಚ್ಚಬೇಕು. ಒಂದೇ ಸಲ ಹಚ್ಚಿ ಬಿಟ್ಟರೆ ಆಮೇಲೆ ಮೊಟ್ಟೆಯೊಡೆದ ಮರಿಗಳು ಹತ್ತುತ್ತವೆ.

ಮೈಸೂರು, ಮಂಡ್ಯ ಕಡೆ ಈ ಆಚರಣೆ ಬಲವಾಗಿದೆ, ಬಿಡಿ ಎಂದ ಮಾತ್ರಕ್ಕೆ ಊರು ಬಿಡುವುದಿಲ್ಲ. ನಮ್ಮ ಸಲಹೆ: ಬೆಂಕಿಯನ್ನು ಒಂದು ಬದಿಗೆ ಹಾಕಿ, ದನವನ್ನು ಅದರ ಪಕ್ಕ ಹಗ್ಗ ಹಿಡಿದು ನಡೆಸಿ. ಗಬ್ಬದ ಹಸು, ಹಾಲು ಕರೆಯುವ ಹಸು, ಕರುಗಳನ್ನು ಮನೆಯಲ್ಲೇ ಕಟ್ಟಿಹಾಕಿ.

ಜಾತ್ರೆಗೆ ಎತ್ತು ಕರೆದೊಯ್ಯುವ ಮುಂಚೆ ಏನು ಮಾಡಬೇಕು?

ಕಾಲುಬಾಯಿ ಜ್ವರದ ಲಸಿಕೆ ಆಗಿದೆಯೇ ನೋಡಿ. ಸರ್ಕಾರ ಆರು ತಿಂಗಳಿಗೊಮ್ಮೆ ಪುಕ್ಕಟೆ ಹಾಕುತ್ತದೆ. ಹಾಕಿದ ಎರಡು ಮೂರು ವಾರಕ್ಕೆ ರಕ್ಷಣೆ ಕೂಡಿಬರುವುದರಿಂದ ಜಾತ್ರೆಯ ಹಿಂದಿನ ದಿನ ಹಾಕಿಸಿ ಪ್ರಯೋಜನವಿಲ್ಲ. ಮರಳಿ ಬಂದ ದನವನ್ನು ಎರಡು ವಾರ ಬೇರೆ ಕಟ್ಟಿ.

ಗಾಡಿ ಎತ್ತಿಗೆ ಕೆಲಸದ ಹೊತ್ತಿನ ಮಿತಿ ಇದೆಯೇ?

ಇದೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೇ. ಹೊರೆ ಎಳೆಯುವ ಪ್ರಾಣಿಗಳ 1965ರ ಕೇಂದ್ರ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆ, ವಿಶ್ರಾಂತಿಯಿಲ್ಲದೆ ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಕಬ್ಬು ಕಟಾವಿನ ಕಾಲದಲ್ಲಿ ಕಾರ್ಖಾನೆ ಮುಂದೆ ಗಾಡಿಗಳ ಸಾಲು ನಿಲ್ಲುತ್ತದಲ್ಲ, ಕಾಯುವಾಗ ನೊಗ ಇಳಿಸುವುದೇ ದೊಡ್ಡ ಉಪಕಾರ. ಹೆಗಲಿನಲ್ಲಿ ಬಾವು ಕಂಡರೆ ಅದು ಕರಗುವ ತನಕ ನೊಗ ಬೇಡ.

ದನಕ್ಕೆ ದಿನಕ್ಕೆ ಎಷ್ಟು ನೀರು ಬೇಕು? ಬೀದಿಯಲ್ಲಿ ತೊಟ್ಟಿ ಇಡಬಹುದೇ?

ಕೆಲಸವಿಲ್ಲದ ದೊಡ್ಡ ದನಕ್ಕೆ 40ರಿಂದ 60 ಲೀಟರ್. ಹಾಲು ಕೊಡುವ ಹಸುವಿಗೆ ಕರೆದ ಪ್ರತಿ ಲೀಟರಿಗೆ ಇನ್ನೂ ನಾಲ್ಕು ಲೀಟರ್ ಸೇರಿಸಿ ಲೆಕ್ಕ ಹಾಕಿ. ಬೇಸಗೆಯಲ್ಲಿ ಇದೂ ಸಾಲದು. ಎರಡು ಹೊತ್ತು ಬಕೆಟ್ ತೋರಿಸಿ ತೆಗೆಯುವುದಕ್ಕಿಂತ ಸದಾ ಮುಂದೆ ನೀರಿದ್ದರೆ ಹಾಲಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಬೀದಿಗೆ ಸಿಮೆಂಟ್ ತೊಟ್ಟಿ ಒಳ್ಳೆಯದು. ನೆಲದಿಂದ ಒಂದೂವರೆ ಎರಡು ಅಡಿ ಎತ್ತರ, ನೆರಳು, ತಳದಲ್ಲಿ ನೀರು ಬಿಡುವ ತೂತು ಮತ್ತು ಬಿರಡೆ ಇರಲಿ. ಬಿರಡೆ ಇಲ್ಲದ ತೊಟ್ಟಿಯನ್ನು ಯಾರೂ ತೊಳೆಯುವುದಿಲ್ಲ. ಹದಿನೈದು ದಿನಕ್ಕೆ ಪಾಚಿ, ಸೊಳ್ಳೆ, ಆಮೇಲೆ ಅಕ್ಕಪಕ್ಕದವರ ಜಗಳ. ತುಂಬುವುದು ಯಾರು, ತೊಳೆಯುವುದು ಯಾರು ಎಂದು ಹೆಸರು ಹಿಡಿದು ಹಂಚಿಕೊಂಡ ಮೇಲೆಯೇ ತೊಟ್ಟಿ ತನ್ನಿ. ನಾಯಿ, ಬೆಕ್ಕಿಗೆ ಪಕ್ಕದಲ್ಲಿ ಅಗಲ ಬಾಯಿಯ ಚಿಕ್ಕ ಬೋಗುಣಿ ಸಾಕು.

ಹಸು ಪ್ಲಾಸ್ಟಿಕ್ ತಿನ್ನುವುದನ್ನು ಮನೆಯಿಂದ ಹೇಗೆ ತಡೆಯುವುದು?

ಹಸುವಿಗೆ ಬೇಕಿರುವುದು ಕವರಿನೊಳಗಿನ ಅನ್ನ, ತರಕಾರಿ ಸಿಪ್ಪೆ. ಗಂಟು ಬಿಚ್ಚಲು ಬಾರದೆ ಕವರನ್ನೇ ನುಂಗುತ್ತದೆ. ಅದು ಕರಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ. ಹೊಟ್ಟೆ ತುಂಬಿದಂತೆ ಕಾಣುವ ಹಸು ಒಳಗೆ ಹಸಿದೇ ಸೊರಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ಉದಾಹರಣೆಗಳಿವೆ. ಹಸಿ ಕಸವನ್ನು ಕವರಿಲ್ಲದೆ ಬಕೆಟ್ಟಿನಲ್ಲೇ ಕಸದ ಗಾಡಿಗೆ ಸುರಿಯಿರಿ. ಬ್ಲೇಡು, ಸೂಜಿ, ಸ್ಟೇಪ್ಲರ್ ಪಿನ್ನು, ತಂತಿ ಹಸಿ ಕಸದಲ್ಲಿ ಸೇರದಿರಲಿ: ದನ ಜಗಿಯದೆ ನುಂಗುವುದರಿಂದ ಚೂಪು ಲೋಹ ಎರಡನೇ ಹೊಟ್ಟೆಯ ಗೋಡೆ ಚುಚ್ಚಿ ಮುಂದಿರುವ ಹೃದಯಕ್ಕೇ ತಾಗುತ್ತದೆ. ಸಿಪ್ಪೆಯನ್ನು ಹಸುವಿಗೇ ಕೊಡುವ ಆಸೆಯಿದ್ದರೆ ಅಂದಂದಿನದನ್ನು ಬಾಳೆಲೆಯ ಮೇಲೆ ಇಡಿ. ಬೂಸಲು ಬಂದದ್ದು, ಹುಳಿಯಾದದ್ದು ಬೇಡ.

ನಾಗರಪಂಚಮಿಗೆ ಹಾವಿಗೆ ಹಾಲೆರೆಯಬಾರದೇ?

ಜೀವಂತ ಹಾವಿಗೆ ಬೇಡ. ಹಾವಿಗೆ ಹಾಲು ಆಹಾರವಲ್ಲ, ಅದನ್ನು ಜೀರ್ಣಿಸುವ ವ್ಯವಸ್ಥೆ ಅದರಲ್ಲಿಲ್ಲ. ಬುಟ್ಟಿಯಲ್ಲಿ ತಂದ ಹಾವು ಹಾಲು ಕುಡಿಯುವುದು ಕಂಡರೆ ಅದು ಬಾಯಾರಿಕೆ: ಹಬ್ಬಕ್ಕೆ ವಾರಗಳ ಮುಂಚೆಯೇ ಹಿಡಿದು, ಹಲ್ಲು ಕಿತ್ತು, ನೀರು ಕೊಡದೆ ಇಟ್ಟಿರುತ್ತಾರೆ. ಬಾಯಿಯ ಗಾಯ ಕೀವಾಗಿ ಹಬ್ಬ ಮುಗಿದ ಮೇಲೆ ಅವು ಸಾಯುತ್ತವೆ. 1972ರ ವನ್ಯಜೀವಿ ಕಾಯ್ದೆಯಡಿ ನಾಗರಹಾವನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಆಡಿಸುವುದು ಅಪರಾಧ. ಹಾವಾಡಿಗರು ಮನೆ ಬಾಗಿಲಿಗೆ ಬಂದರೆ ದುಡ್ಡು ಕೊಡದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಹುತ್ತಕ್ಕೆ ಎರೆಯುವುದಾದರೂ ತೂತಿನೊಳಗೆ ಲೀಟರುಗಟ್ಟಲೆ ಸುರಿಯಬೇಡಿ. ಒಳಗೆ ಹಾವಿದ್ದರೆ ಹಾಲು ಕೊಳೆತು ಇರುವೆ ಮುತ್ತುತ್ತವೆ, ಅರಿಸಿನ ಕುಂಕುಮ ಅದರ ಕಣ್ಣು ಮೂಗಿಗೆ ಸೇರುತ್ತದೆ. ನಾಗರಕಲ್ಲಿಗೆ ಒಂದು ಉದ್ಧರಣೆ ತನಿ ಎರೆದು ಉಳಿದ ಹಾಲನ್ನು ಮಕ್ಕಳಿಗೆ ಕೊಟ್ಟರೆ ಶಾಸ್ತ್ರಕ್ಕೆ ಕೊರತೆಯಿಲ್ಲ.

ಮನೆಯೊಳಗೆ ಹಾವು ಬಂದರೆ?

ಎರಡು ಮೂರು ಮೀಟರ್ ದೂರದಲ್ಲಿ ನಿಂತು ಕಣ್ಣು ತೆಗೆಯದೆ ನೋಡುತ್ತಿರಿ. ಮಕ್ಕಳು, ನಾಯಿ ಹೊರಗಿರಲಿ. ಕೋಣೆಯ ಬಾಗಿಲು ಹಾಕಿ ಕೆಳಗಿನ ಸಂದಿಗೆ ಟವೆಲ್ ತುರುಕಿ 1926ಕ್ಕೆ ಫೋನ್ ಮಾಡಿ. ಫೋಟೋಗೆ ಹತ್ತಿರ ಹೋಗುವವರೇ ಕಚ್ಚಿಸಿಕೊಳ್ಳುತ್ತಾರೆ. ಬಂದದ್ದು ಕೇರೆ ಹಾವೇ ಇರಬಹುದು, ಅದಕ್ಕೆ ವಿಷವಿಲ್ಲ. ಆದರೆ ಗುರುತಿಸುವ ಕೆಲಸ ಬಲ್ಲವರಿಗೆ ಬಿಡಿ. ಫಿನಾಯಿಲ್, ಬೆಳ್ಳುಳ್ಳಿ ನೀರು, ಆ್ಯಸಿಡ್ ಯಾವುದೂ ಹಾವನ್ನು ದೂರವಿಡುವುದಿಲ್ಲ. ಇಲಿ ಇಲ್ಲದ, ಕಟ್ಟಿಗೆ ರಾಶಿ ಇಲ್ಲದ, ಬಚ್ಚಲು ತೂತಿಗೆ ಜಾಲರಿ ಇರುವ ಮನೆಗೆ ಅದು ಬರುವುದು ಕಡಿಮೆ.

ಕಚ್ಚಿದರೆ: ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗದಂತೆ ಮರದ ಪಟ್ಟಿಗೆ ಕಟ್ಟಿ, ಉಂಗುರ ಬಳೆ ತೆಗೆದು, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಇರುವುದಿಲ್ಲ. ಬೆಳಗ್ಗೆ ರೆಪ್ಪೆ ಜೋಲುತ್ತಿದ್ದರೆ ಅದನ್ನು ನಿದ್ದೆಗಣ್ಣು ಎಂದುಕೊಳ್ಳಬೇಡಿ.

ಹಕ್ಕಿಗಳಿಗೆ ನೀರಿಡುವ ಸರಿಯಾದ ಕ್ರಮ ಯಾವುದು?

ಮಣ್ಣಿನ ಅಗಲ ತಟ್ಟೆ, ಎರಡು ಮೂರು ಸೆಂಟಿಮೀಟರ್ ಆಳದ ನೀರು, ಮಧ್ಯೆ ಒಂದು ಚಪ್ಪಟೆ ಕಲ್ಲು. ಆಳ ಹೆಚ್ಚಾದರೆ ಗುಬ್ಬಿ, ಜೇನ್ನೊಣ ಮುಳುಗುತ್ತವೆ. ಸ್ಟೀಲು, ಪ್ಲಾಸ್ಟಿಕ್ ಪಾತ್ರೆ ಬಿಸಿಲಿಗೆ ಕಾಯುತ್ತದೆ, ಜಾರುತ್ತದೆ. ಬೆಕ್ಕು ಹೊಂಚು ಹಾಕಲು ಪೊದೆ ಇಲ್ಲದ, ಆದರೆ ಹಾರಿ ಕೂರಲು ಹತ್ತಿರ ಕೊಂಬೆ ಇರುವ ನೆರಳಿನ ಜಾಗ ಆರಿಸಿ. ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ಹೊಸದು ಹಾಕಿ, ಸೋಪು ಬೇಡ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಬದಲಿಸದ ತಟ್ಟೆ ಹಕ್ಕಿಗೂ ನಿಮಗೂ ರೋಗ ತರುತ್ತದೆ. ಊರಿಗೆ ಹೋಗುವಾಗ ತಟ್ಟೆ ಕವುಚಿಟ್ಟು ಹೋಗಿ.

ಕಾಳು ಹಾಕುವ ವಿಷಯಕ್ಕೆ ಬಂದರೆ, ಪಾರಿವಾಳಗಳಿಗೆ ಹಾಕಬೇಡಿ ಎಂದೇ ನಮ್ಮ ಮಾತು. ಮೂಟೆ ಜೋಳ ಸುರಿಯುವ ಕಡೆ ಅವು ಮಿತಿಮೀರಿ ಹೆಚ್ಚುತ್ತವೆ, ಗೂಡಿನ ಜಾಗಕ್ಕೆ ಬೇರೆ ಹಕ್ಕಿಗಳನ್ನು ಓಡಿಸುತ್ತವೆ. ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು.

ಗುಬ್ಬಚ್ಚಿ ಗೂಡು ನೇತುಹಾಕಿದೆವು, ಗುಬ್ಬಿ ಬರಲೇ ಇಲ್ಲ.

ತೂತು ನೋಡಿ: 3ರಿಂದ 3.5 ಸೆಂಟಿಮೀಟರ್ ಇರಬೇಕು. ದೊಡ್ಡದಾದರೆ ಮೈನಾ ಹಿಡಿಯುತ್ತದೆ. ನೆಲದಿಂದ ಎಂಟು ಹತ್ತು ಅಡಿ ಎತ್ತರ, ಮಳೆ ಎರಚದ ಸೂರಿನ ಕೆಳಗೆ, ಮಧ್ಯಾಹ್ನದ ಬಿಸಿಲಿಗೆ ಬೆನ್ನು ಮಾಡಿ ಕಟ್ಟಿ, ಗಾಳಿಗೆ ತೂಗಾಡಬಾರದು. ತೂತಿನ ಕೆಳಗೆ ಕೂರುವ ಕಡ್ಡಿ ಗುಬ್ಬಿಗೆ ಬೇಕಿಲ್ಲ, ಅದು ಕಾಗೆಗೆ ಮೆಟ್ಟಿಲು. ಇಷ್ಟೆಲ್ಲ ಸರಿಯಿದ್ದೂ ಬಾರದಿದ್ದರೆ ಸುತ್ತಲೂ ಹುಳುವಿಲ್ಲದಿರಬಹುದು. ಗುಬ್ಬಿ ಕಾಳು ತಿಂದರೂ ಮರಿಗೆ ಉಣಿಸುವುದು ಹುಳು. ಕೈತೋಟಕ್ಕೆ ಕೀಟನಾಶಕ ಹೊಡೆದು, ಮಾರ್ಚ್ 20ಕ್ಕೆ ಗುಬ್ಬಿ ದಿನ ಆಚರಿಸಿ ಗೂಡು ಹಂಚುವುದು ದುಡ್ಡು ದಂಡ.

ಮರಿಹಕ್ಕಿ ಕೆಳಗೆ ಬಿದ್ದಿದೆ. ಮನೆಗೆ ತರಲೇ?

ಮೊದಲು ಮೈ ನೋಡಿ. ಪುಕ್ಕ ಬಂದಿದೆ, ಬಾಲ ಮೋಟು, ಕುಪ್ಪಳಿಸುತ್ತದೆ ಎಂದರೆ ಅದು ಹಾರಲು ಕಲಿಯುತ್ತಿರುವ ಮರಿ. ತಾಯಿ ತಂದೆ ಹತ್ತಿರದಲ್ಲೇ ಇರುತ್ತವೆ. ಹತ್ತಿರದ ಕೊಂಬೆಗೆ ಏರಿಸಿ ದೂರ ಸರಿಯಿರಿ. ಪುಕ್ಕವಿಲ್ಲದ, ಕಣ್ಣು ಮುಚ್ಚಿದ ಮರಿಯಾದರೆ ಗೂಡಿಗೇ ಮರಳಿ ಇಡಿ. ಗೂಡು ಬಿದ್ದಿದ್ದರೆ ತೂತಿರುವ ಚಿಕ್ಕ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು.

ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಒಂದು ಹನಿ ಒಳಗೆ ಹೋದರೂ ಉಸಿರು ಕಟ್ಟುತ್ತದೆ. ಹಾಲು, ಬ್ರೆಡ್ಡೂ ಬೇಡ. ಬೆಕ್ಕು ಕಚ್ಚಿದ ಮರಿಯಾದರೆ ಗಾಯ ಕಾಣದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ಏಪ್ರಿಲ್‌ನಿಂದಾಚೆ ಕಾಗೆಗಳು ಓಡಿಸುತ್ತಿರುವ ಚುಕ್ಕಿ ಚುಕ್ಕಿ ಮರಿ ಕಂಡರೆ, ಅವೇ ಸಾಕಿದ ಕೋಗಿಲೆ ಮರಿ ಅದಾಗಿರುತ್ತದೆ.

ಗಾಳಿಪಟದ ದಾರಕ್ಕೆ ಹದ್ದು ಸಿಕ್ಕಿಕೊಂಡಿದೆ.

ದಾರ ಎಳೆಯಬೇಡಿ, ಎಳೆದಷ್ಟೂ ರೆಕ್ಕೆ ಕೊಯ್ಯುತ್ತದೆ. ಕೈಗೆಟುಕಿದರೆ ಹಕ್ಕಿಯ ಮೇಲೆ ದಪ್ಪ ಟವೆಲ್ ಹಾಕಿ, ಮೈಗೆ ಸುತ್ತಿದ ದಾರವನ್ನು ಹಾಗೇ ಬಿಟ್ಟು, ಎರಡೂ ಬದಿ ಒಂದಡಿ ಉಳಿಸಿ ಕತ್ತರಿಸಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಊಟ ನೀರು ಕೊಡದೆ ಆಸ್ಪತ್ರೆಗೆ ಒಯ್ಯಿರಿ. ಬೆಂಗಳೂರಿನಲ್ಲಿ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಎತ್ತರದ ಮರದಲ್ಲಿದ್ದರೆ ಅಗ್ನಿಶಾಮಕ ದಳದವರನ್ನು ಕರೆಯಿರಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆಷಾಢದ ಗಾಳಿಗೆ ಪಟ ಬಿಡುವ ಮಕ್ಕಳಿಗೆ ಹತ್ತಿ ದಾರವೇ ಇರಲಿ, ತುಂಡಾದ ದಾರವನ್ನು ಮರದಲ್ಲಿ ಬಿಡದೆ ಸುತ್ತಿ ತರಲಿ.

ಬೀದಿ ನಾಯಿಗೆ ಊಟ ಹಾಕಬಹುದೇ? ಎಲ್ಲಿ, ಏನು?

ಎಲ್ಲಿ ಎಂಬುದು ಮೊದಲು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬಡಾವಣೆಯ ಸಂಘ, ಸ್ಥಳೀಯ ಸಂಸ್ಥೆ, ಊಟ ಹಾಕುವವರು ಕೂಡಿ ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರ ಒಂದು ಸ್ಥಳ ಮತ್ತು ಹೊತ್ತು ಗೊತ್ತುಮಾಡಬೇಕು ಎನ್ನುತ್ತವೆ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ಪ್ರತಿ ವಾರ್ಡಿನಲ್ಲಿ ಊಟದ ಜಾಗ ಗುರುತಿಸಲು ಹೇಳಿ, ಕಂಡ ಬೀದಿಯಲ್ಲಿ ಹಾಕುವುದನ್ನು ತಡೆಯಿತು. ಅದೇ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಲು ಕೋರ್ಟ್ ಆದೇಶಿಸಿತು. ಆದೇಶಗಳು ಬದಲಾಗುತ್ತಿರುವುದರಿಂದ ನಿಮ್ಮ ಪಾಲಿಕೆ ಅಥವಾ ಪುರಸಭೆಯಲ್ಲಿ ಈಗಿನ ಸ್ಥಳ ಕೇಳಿ, ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ.

ಹದಿನೈದು ಕಿಲೋ ತೂಗುವ ನಾಯಿಗೆ ದಿನಕ್ಕೆ 400ರಿಂದ 500 ಗ್ರಾಂ ಬೆಂದ ಅನ್ನ, ಜೊತೆಗೆ ಎರಡು ಮೊಟ್ಟೆ ಅಥವಾ 100 ಗ್ರಾಂ ಬೇಯಿಸಿದ ಮೂಳೆಯಿಲ್ಲದ ಕೋಳಿ. ಬೇರೆಯವರೂ ಹಾಕುತ್ತಿದ್ದರೆ ಅರ್ಧ ಸಾಕು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ. ಬೆಂದ ಮೂಳೆ ಸೀಳಿ ಕರುಳು ಚುಚ್ಚುತ್ತದೆ. ಹಾಲಿನಿಂದ ಹೆಚ್ಚಿನ ದೊಡ್ಡ ನಾಯಿಗಳಿಗೆ ಭೇದಿ. ಬಿಸ್ಕತ್ತು ಬರಿ ಮೈದಾ ಸಕ್ಕರೆ: ಲಸಿಕೆಯ ದಿನ ನಾಯಿಯನ್ನು ಹತ್ತಿರ ಕರೆಯಲು ಇಟ್ಟುಕೊಳ್ಳಿ. ಒಂದೊಂದು ನಾಯಿಗೆ ಒಂದೊಂದು ಕಡೆ, ನಾಲ್ಕೈದು ಅಡಿ ಅಂತರದಲ್ಲಿ ಹಾಕಿದರೆ ಕಚ್ಚಾಟವಿಲ್ಲ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಎತ್ತಿ ನೆಲ ತೊಳೆಯಿರಿ. ನಾಯಿಯ ಮೇಲಿನ ಸಿಟ್ಟಿಗಿಂತ ಮನೆ ಮುಂದಿನ ಹಳಸಿದ ಅನ್ನದ ಮೇಲಿನ ಸಿಟ್ಟೇ ದೂರಿಗೆ ಕಾರಣವಾಗುವುದು ಹೆಚ್ಚು.

ಊಟ ಹಾಕಿದರೆ ಸಂಖ್ಯೆ ಹೆಚ್ಚುವುದಿಲ್ಲವೇ?

ಊಟ ಮಾತ್ರ ಹಾಕಿ ಕೈ ತೊಳೆದುಕೊಂಡರೆ ಹೆಚ್ಚುತ್ತದೆ. ಹೆಣ್ಣುನಾಯಿ ಸುಮಾರು 63 ದಿನ ಗರ್ಭ ಹೊತ್ತು, ವರ್ಷಕ್ಕೆ ಎರಡು ಸಲದವರೆಗೂ ಮರಿ ಹಾಕಬಲ್ಲದು. ಊಟ ಹಾಕುವವರ ಕೈಗೆ ನಾಯಿ ಸಿಗುತ್ತದೆ, ಅದೇ ಅವರ ದೊಡ್ಡ ಉಪಯೋಗ: ಸಂತಾನಹರಣ ಆಗಿಲ್ಲದವನ್ನು ಗುರುತಿಸಿ ಪಾಲಿಕೆಯ ವಾಹನಕ್ಕೆ ಒಪ್ಪಿಸಬಹುದು. ಕಿವಿ ತುದಿಯಲ್ಲಿ ಕತ್ತರಿಸಿದ ಕಚ್ಚು ಇದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದು. ಆದರೆ ಆ ಕಚ್ಚು ಈ ವರ್ಷದ ರೇಬೀಸ್ ಲಸಿಕೆಯ ಗುರುತಲ್ಲ, ಲಸಿಕೆ ವರ್ಷ ವರ್ಷವೂ ಬೇಕು. ಹಾಲುಣಿಸುವ ತಾಯಿಯನ್ನು ಒಯ್ಯಲು ಬಿಡಬೇಡಿ.

ನಾಯಿ ಕಚ್ಚಿತು ಅಥವಾ ಪರಚಿತು. ಏನು ಮಾಡಲಿ?

ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಸುಣ್ಣ, ಖಾರದ ಪುಡಿ, ಅರಿಸಿನ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಹಾಕುವ ಕ್ರಮದಲ್ಲಿ ಲಸಿಕೆ 0, 3, 7, 28ನೇ ದಿನ (0 ಎಂದರೆ ಮೊದಲ ಚುಚ್ಚುಮದ್ದಿನ ದಿನ). ಸ್ನಾಯುವಿಗಾದರೆ 0, 3, 7, 14, 28. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಹಾಕಬೇಕು; ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದಿಲ್ಲ. ನಾಯಿಯನ್ನು ಹತ್ತು ದಿನ ಗಮನಿಸಬಹುದು, ಆದರೆ ಅದಕ್ಕೆ ಕಾದು ಲಸಿಕೆ ತಡ ಮಾಡಬೇಡಿ. ಬೆಕ್ಕು, ಕೋತಿ ಕಚ್ಚಿದರೂ ಇದೇ ಕ್ರಮ.

ರಸ್ತೆಯಲ್ಲಿ ಗಾಯಗೊಂಡ ಪ್ರಾಣಿ ಕಂಡರೆ?

ನಿಮ್ಮ ಗಾಡಿಯನ್ನು ಹಿಂದೆ ನಿಲ್ಲಿಸಿ ದೀಪ ಮಿನುಗಿಸಿ; ಎರಡನೇ ಅಪಘಾತ ಆಗುವುದು ಎತ್ತಲು ಬಗ್ಗಿದವರಿಗೆ. ನೋವಿನಲ್ಲಿರುವ ಸಾಕುನಾಯಿಯೂ ಕಚ್ಚುತ್ತದೆ, ಹಾಗಾಗಿ ಮೂತಿಗೆ ಹತ್ತಿ ವೇಲು ಸುತ್ತಿ ಕಿವಿಯ ಹಿಂದೆ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಕಟ್ಟಬೇಡಿ. ರಕ್ತ ಹರಿಯುವ ಕಡೆ ಶುದ್ಧ ಬಟ್ಟೆ ಒತ್ತಿ ಐದು ನಿಮಿಷ ತೆಗೆಯದೆ ಹಿಡಿಯಿರಿ. ಹಲಗೆ ಅಥವಾ ಬೆಡ್‌ಶೀಟ್ ಮೇಲೆ ಜಾರಿಸಿ ಎತ್ತಿ. ನೀರು ಕುಡಿಸಬೇಡಿ.

ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುವುದು ಹಳೆಯ ಅಭ್ಯಾಸ. ಹುಳುವಿನ ಜೊತೆ ಬದುಕಿದ್ದ ಚರ್ಮವೂ ಸಾಯುತ್ತದೆ. ಬೆಕ್ಕಿಗಂತೂ ಫಿನಾಯಿಲ್ ನೇರ ವಿಷ. ಪಶು ಔಷಧಿ ಅಂಗಡಿಯಲ್ಲಿ ಇದಕ್ಕೆಂದೇ ಸ್ಪ್ರೇ ಸಿಗುತ್ತದೆ. ಸಿಂಪಡಿಸಿ, ಹೊರಬಂದ ಹುಳುಗಳನ್ನು ಚಿಮುಟದಿಂದ ತೆಗೆದು, ಮರುದಿನ ಮತ್ತೆ ನೋಡಬೇಕು, ಒಳಪದರದವು ಆಮೇಲೆ ಬರುತ್ತವೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ: ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

ದೀಪಾವಳಿಗೆ ನಾಯಿ ನಡುಗುತ್ತದೆ. ನಿದ್ದೆ ಮಾತ್ರೆ ಕೊಡಲೇ?

ನಿಮ್ಮ ಮಾತ್ರೆ ಬೇಡ. ವಾರ ಮುಂಚೆ ಪಶುವೈದ್ಯರನ್ನು ಕಂಡರೆ ಭಯ ತಗ್ಗಿಸುವ ಔಷಧಿ ಬರೆದು, ಒಂದು ದಿನ ಪರೀಕ್ಷಿಸಿಯೂ ನೋಡಬಹುದು. ಸಂಜೆ ಐದರೊಳಗೆ ಸುತ್ತಾಡಿಸಿ ಊಟ ಮುಗಿಸಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು ಟಿವಿ ಹಾಕಿ. ಮಂಚದ ಕೆಳಗೆ ಅವಿತರೆ ಎಳೆಯಬೇಡಿ. ಕೊರಳಪಟ್ಟಿಗೆ ಫೋನ್ ನಂಬರ್ ಇರಲಿ: ಪಟಾಕಿ ಸದ್ದಿಗೆ ಹಗ್ಗ ಕಿತ್ತು ಓಡಿದ ನಾಯಿ ಎಷ್ಟೋ ದೂರ ಹೋಗಿರುತ್ತದೆ. 2018ರ ಸುಪ್ರೀಂ ಕೋರ್ಟ್ ಆದೇಶದಂತೆ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಅವಕಾಶ. ಕೊಟ್ಟಿಗೆಯ ಹತ್ತಿರ ಯಾವ ಹೊತ್ತಿಗೂ ಬೇಡ. ಬೆಳಗ್ಗೆ ಹೊರಗಿನ ನೀರಿನ ತೊಟ್ಟಿಗಳನ್ನು ತೊಳೆದು ಮದ್ದಿನ ಪುಡಿ ತೆಗೆಯಿರಿ.

ಗಿಳಿ ಸಾಕಬಹುದೇ? ಆಮೆ?

ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆ ಎರಡನ್ನೂ ಸಾಕುವುದು, ಮಾರುವುದು ಅಪರಾಧ. ಇಟ್ಟುಕೊಂಡಿದ್ದರೆ ನೀವೇ ಹಾರಿಬಿಡಬೇಡಿ. ಪಂಜರದಲ್ಲಿ ಬೆಳೆದ ಗಿಳಿಗೆ ಆಹಾರ ಹುಡುಕಲೂ ಹದ್ದಿನಿಂದ ತಪ್ಪಿಸಿಕೊಳ್ಳಲೂ ಬಾರದು. ಅರಣ್ಯ ಇಲಾಖೆಗೆ ಒಪ್ಪಿಸಿ.

ಯಾರೋ ನಾಯಿಗೆ ವಿಷ ಹಾಕಿದ್ದಾರೆ. ದೂರು ಕೊಟ್ಟರೆ ಉಪಯೋಗವಿದೆಯೇ?

ಇದೆ, ಕಲಂ ಸರಿಯಾಗಿ ಹೇಳಿದರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಅದೊಂದನ್ನೇ ಬರೆಸಿದರೆ ನಗೆಪಾಟಲು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದಕ್ಕೆ ಐದು ವರ್ಷದವರೆಗೆ ಸೆರೆ ವಿಧಿಸಬಹುದು ಎನ್ನುತ್ತದೆ. ದೂರಿನಲ್ಲಿ ಎರಡೂ ಇರಲಿ. ಹೂಳುವ ಮುಂಚೆ ಫೋಟೋ, ಸಮಯ, ಉಳಿದ ಆಹಾರದ ತುಣುಕು ಕಾಪಾಡಿ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಕೇಳಿ. ಆ ವರದಿ ಇಲ್ಲದೆ ವಿಷ ಎಂದು ಸಾಬೀತು ಮಾಡುವುದು ಕಷ್ಟ.

ಮಗುವಿನ ಹುಟ್ಟುಹಬ್ಬಕ್ಕೆ ಪ್ರಾಣಿಗಳಿಗಾಗಿ ಏನಾದರೂ ಮಾಡಬೇಕೆಂದಿದ್ದೇವೆ.

ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ಇದೆ; ಚಿಕ್ಕ ಹಕ್ಕಿಯಿಂದ ಆನೆಯವರೆಗೆ ಕೈಲಾದಷ್ಟರದ್ದು ಆರಿಸಬಹುದು. ಗೋಶಾಲೆಗೆ ಹೋಗುವುದಾದರೆ ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿ. ಬಹಳ ಕಡೆ ಬೇಕಿರುವುದು ಒಣಹುಲ್ಲಿನ ಪೆಂಡಿ, ಖನಿಜ ಮಿಶ್ರಣ, ವೈದ್ಯರ ಬಿಲ್ಲಿಗೆ ಹಣ, ಸಿಗುವುದು ಬಾಳೆಹಣ್ಣು. ನಾಯಿ ಆಶ್ರಯಗಳಿಗೆ ಹಳೆ ಬೆಡ್‌ಶೀಟ್, ದಿನಪತ್ರಿಕೆ, ಕೈಗವಸು, ಸ್ವಚ್ಛತೆಯ ಸಾಮಾನು ಉಪಯೋಗ. ಕೇಕ್ ಕೊಂಡೊಯ್ಯಬೇಡಿ. ನಾಯಿಮರಿಯನ್ನು ಉಡುಗೊರೆಯಾಗಿ ಕೊಡುವ ಯೋಚನೆಯಿದ್ದರೆ, ಹದಿನೈದು ವರ್ಷ ನೋಡಿಕೊಳ್ಳುವವರು ಮನೆಯಲ್ಲಿ ಯಾರೆಂದು ಮೊದಲು ತೀರ್ಮಾನವಾಗಲಿ. ಮರಿ ತರುವುದಾದರೆ ಎಂಟು ವಾರ ತುಂಬಿರಬೇಕು, ಲಸಿಕೆಗಳು ಹದಿನಾರು ವಾರದ ತನಕ ಮೂರು ನಾಲ್ಕು ವಾರಕ್ಕೊಂದರಂತೆ ಸಾಗಬೇಕು. ಅದು ಮುಗಿಯುವ ತನಕ ಬೀದಿಯ ನೆಲಕ್ಕೆ ಇಳಿಸಬೇಡಿ.